ರಾಹುಕಾಲಕ್ಕೆ ಮುಂಚೆ ತೆರೆದಿಟ್ಟ ದಾರಿ

ಅಸ್ರಾಳಿಗೆ ಚಿಕ್ಕಂದಿನಿಂದಲೂ ಒಂದು ಅಭ್ಯಾಸವಿತ್ತು. ಮನೆಯವರ ಪ್ರಕಾರ ಅದು ಕೆಟ್ಟ ಅಭ್ಯಾಸ. ಏನಾದರೂ ಕೆಟ್ಟುಹೋದರೆ, ಯಾಕೆ ಕೆಟ್ಟಿತು ಎಂದು ತಿಳಿಯುವ ತನಕ ಅದನ್ನು ಸರಿಪಡಿಸಲು ಯಾರನ್ನೂ ಬಿಡುತ್ತಿರಲಿಲ್ಲ. ರಾಮನಗರದಲ್ಲಿ ಅವಳ ತಂದೆ ಜಬ್ಬಾರ್ ಸಾಹೇಬರದು ರೇಷ್ಮೆ ನೂಲು ಬಿಚ್ಚುವ ಸಣ್ಣ ಕಸುಬು. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ, ಎಳೆಗಳು ಮೇಲೇರಿ ರಾಟೆಗೆ ಸುತ್ತಿಕೊಳ್ಳುತ್ತವೆ. ಎಳೆ ತುಂಡಾದರೆ ಕೆಲಸದವರು ತಟ್ಟನೆ ಹೊಸದನ್ನು ಸೇರಿಸಿ ಮುಂದುವರಿಯಬೇಕು. ಅಸ್ರಾ ಅವರ ಕೈ ಹಿಡಿದು, "ತಾಳಿ, ಎಲ್ಲಿ ತುಂಡಾಯ್ತು ನೋಡೋಣ" ಎನ್ನುವಳು.

"ಈ ಹುಡುಗೀನ ನೀರಿನ ಹತ್ತಿರ ಬಿಡಬೇಡಿ" ಎಂದು ಜಬ್ಬಾರ್ ಸಾಹೇಬರು ಕೂಗುತ್ತಿದ್ದರು. "ಇವಳು ಕಾರಣ ಹುಡುಕೋ ಹೊತ್ತಿಗೆ ಗೂಡೆಲ್ಲ ಬೆಂದು ಸಾರಾಗ್ತದೆ."

ಆದರೆ ಅಲ್ಲಿ ಅವಳು ಒಂದು ಸಂಗತಿಯನ್ನು ಗಮನಿಸಿದ್ದಳು. ಎಳೆ ತುಂಡಾದರೂ ರಾಟೆ ತಿರುಗುತ್ತಲೇ ಇರುತ್ತದೆ. ರಾಟೆಯನ್ನೇ ನೋಡುತ್ತ ಕೂತವನಿಗೆ ಕೆಲಸ ಸಲೀಸಾಗಿ ನಡೆಯುತ್ತಿರುವಂತೆ ಕಾಣುತ್ತದೆ. ಇದು ಅವಳಿಗೆ ಮುಂದೆ ಉಪಯೋಗಕ್ಕೆ ಬರಬೇಕಾಗಿತ್ತು. ಬರಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅದು ಬೇರೆ ಮಾತು.

ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಅಸ್ರಾಳಿಗೆ ಬಿಡದಿಯ ಕೈಗಾರಿಕಾ ಪ್ರದೇಶದ ಪಂಪ್‌ಸೆಟ್ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಎರಡು ಸಾವಿರದ ಏಳರ ಸುಮಾರು. ರಾಗಿ ಹೊಲಗಳಿಗೆ ಒಂದೊಂದಾಗಿ ಕಾಂಪೌಂಡು ಏಳುತ್ತಿದ್ದ ಕಾಲ. ದೊಡ್ಡ ಕಾರ್ಖಾನೆಗಳು ಹೆದ್ದಾರಿಯ ಪಕ್ಕದಲ್ಲಿ ನಿಂತರೆ, ಅವಕ್ಕೆ ಬಿಡಿಭಾಗ ಮಾಡಿಕೊಡುವ ಶೆಡ್ಡುಗಳು ಒಳಗಿನ ಊರುಗಳಲ್ಲಿ ಹುಟ್ಟಿಕೊಂಡವು. ಮಾಗಡಿಯ ಆಚೆ, ಕುದೂರಿನಲ್ಲಿದ್ದ ಅನಂತರಾಜುವಿನ ಶೆಡ್ಡು ಅಂಥದೊಂದು. ಪಂಪಿನೊಳಗೆ ಕೂರುವ ಹಿತ್ತಾಳೆ ಬುಷ್‌ಗಳನ್ನು ಲೇತಿನಲ್ಲಿ ಕಡೆದು ಕಳಿಸುವುದು ಅವನ ಕೆಲಸ. ಗಿರಾಕಿ ಎಂದರೆ ಈ ಕಾರ್ಖಾನೆಯೊಂದೇ.

ಕಾರ್ಖಾನೆಯ ನಿಯಮ ಹೀಗಿತ್ತು. ಶೆಡ್ಡಿನಿಂದ ಟೆಂಪೋ ಹೊರಡುವಾಗ, ಅದರಲ್ಲಿ ಏನು ಬರುತ್ತಿದೆ ಎಂಬ ಸಂದೇಶ ಕಂಪ್ಯೂಟರಿನ ಮೂಲಕ ಕಾರ್ಖಾನೆಗೆ ಬರಬೇಕು. ಸಂದೇಶವಿಲ್ಲದ ಟೆಂಪೋವನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಾರೆ. ಈ ಸಂದೇಶದ ಪ್ರೋಗ್ರಾಮನ್ನು ಬರೆದವಳು ಅಸ್ರಾ. ಒಂದು ತುಂಡು ಶೆಡ್ಡಿನ ಕಂಪ್ಯೂಟರಿನಲ್ಲಿ, ಇನ್ನೊಂದು ಕಾರ್ಖಾನೆಯ ಸರ್ವರಿನಲ್ಲಿ. ಮಕ್ಕಳು ಎರಡು ಬೆಂಕಿಪೊಟ್ಟಣಗಳ ನಡುವೆ ದಾರ ಕಟ್ಟಿ ಫೋನ್ ಆಟ ಆಡುತ್ತಾರಲ್ಲ, ಹಾಗೆ. ಈ ಕಸುಬಿನವರು ಆ ಬೆಂಕಿಪೊಟ್ಟಣವನ್ನು ಸಾಕೆಟ್ ಎನ್ನುತ್ತಾರೆ. ನಡುವೆ ಯಾರೂ ಕದ್ದು ಕೇಳಬಾರದು, ಇನ್ನೊಬ್ಬರ ಹೆಸರಿನಲ್ಲಿ ಮಾತಾಡಬಾರದು ಎಂದು ಎರಡೂ ಕಡೆಯವರು ಮೊದಲು ತಮ್ಮ ಗುರುತುಪತ್ರ ತೋರಿಸಿ, ಆಮೇಲೆ ಗುಪ್ತ ಲಿಪಿಯಲ್ಲಿ ಮಾತು ಶುರುಮಾಡುತ್ತಾರೆ. ಅಷ್ಟಾದರೆ ಪರದೆಯ ಮೂಲೆಯಲ್ಲಿ ಒಂದು ಬೀಗದ ಚಿತ್ರ ಹಸಿರಾಗುತ್ತದೆ.

ಆ ಚಳಿಗಾಲದಲ್ಲಿ ಅನಂತರಾಜುವಿನ ಟೆಂಪೋ ಮೂರು ಸಲ ಗೇಟಿನಿಂದ ಹಿಂದಕ್ಕೆ ಹೋಯಿತು. ಸಂದೇಶ ಬಂದಿಲ್ಲ ಎಂದು ಸರ್ವರ್ ಹೇಳಿತು. ಅವನು ಫೋನಿನಲ್ಲಿ ಕಿರುಚಾಡಿದ.

"ಏನ್ ಮೇಡಮ್ನೋರೇ, ನಾನ್ ಸುಳ್ಳು ಹೇಳ್ತೀನಾ? ನಮ್ಮಕ್ಕ ಗುಂಡಿ ಒತ್ತಿದ್ದ ಈ ಕಣ್ಣಾಗೆ ನೋಡಿವ್ನಿ. 'ಕಳಿಸಲಾಗಿದೆ' ಅಂತ ಕನ್ನಡದಾಗೇ ಬಂತು!"

ಕಾರ್ಖಾನೆಯ ಸ್ಟೋರ್ಸ್ ಅಧಿಕಾರಿ ವೆಂಕಟಯ್ಯನವರು ಇದನ್ನು ಒಪ್ಪಲಿಲ್ಲ. ಅವರು ಕೆಟ್ಟವರಲ್ಲ, ಆದರೆ ಮೂವತ್ತು ವರ್ಷ ಸರಕು ಎಣಿಸಿ ಎಣಿಸಿ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಂಡವರು.

"ನೋಡಮ್ಮ ಅಸ್ರಾ, ಕಂಪ್ಯೂಟರಿಗೆ ಸುಳ್ಳು ಹೇಳೋಕೆ ಬರಲ್ಲ, ಮನುಷ್ಯನಿಗೆ ಬರ್ತದೆ. ಅವನ ಮಾಲು ರೆಡಿ ಇರ್ಲಿಲ್ಲ. ಟೈಮು ತಳ್ಳಿ, ಆಮೇಲೆ ನಿನ್ನ ಪ್ರೋಗ್ರಾಮಿನ ಮೇಲೆ ಹಾಕ್ತಾವ್ನೆ. ಶನಿವಾರ ಮೀಟಿಂಗ್ ಇದೆ. ಅವನ ಹೆಸರು ಹೊಡೆದು ಹಾಕೋದೇ."

ಹೆಸರು ಹೋದರೆ ಶೆಡ್ಡು ಹೋದಂತೆ. ಅಲ್ಲಿ ಲೇತಿನ ಮುಂದೆ ನಿಲ್ಲುವವರು ಅನಂತರಾಜುವನ್ನೂ ಸೇರಿಸಿ ಏಳು ಜನ. ಸುಳ್ಳುಗಾರನೆಂದು ಒಂದು ಕಾರ್ಖಾನೆ ಕೈಬಿಟ್ಟವನನ್ನು ಇನ್ನೊಂದು ಕಾರ್ಖಾನೆ ಕರೆಯುವುದಿಲ್ಲ.

ಅಸ್ರಾ ವಾದಕ್ಕೆ ಇಳಿಯಲಿಲ್ಲ. ಅನಂತರಾಜುವಿನ ಮೇಲೆ ಅವಳಿಗೆ ಕನಿಕರವಿತ್ತೆಂದು ಹೇಳಿದರೆ ಸುಳ್ಳಾದೀತು. ಅವಳಿಗಿದ್ದದ್ದು ಕುತೂಹಲ. ಒಬ್ಬ ಕಳಿಸಿದೆ ಎನ್ನುತ್ತಾನೆ, ಇನ್ನೊಬ್ಬರು ಬರಲಿಲ್ಲ ಎನ್ನುತ್ತಾರೆ. ಇಬ್ಬರೂ ನಿಜ ಹೇಳುತ್ತಿದ್ದರೆ ಆ ಸಂದೇಶ ಎಲ್ಲಿದೆ?

ಎರಡು ಕಂಪ್ಯೂಟರುಗಳ ನಡುವಿನ ಇಂಥ ದಾರಿಗಳು ಸಾಮಾನ್ಯವಾಗಿ ಕೆಡುವುದು ಬಾಗಿಲಲ್ಲೇ. ಗುರುತುಪತ್ರದ ಅವಧಿ ಮುಗಿದಿರುತ್ತದೆ, ಹೆಸರು ಹೊಂದುವುದಿಲ್ಲ, ಒಂದು ಕಡೆಯ ಗಡಿಯಾರ ತಪ್ಪಿರುತ್ತದೆ. ಅವಳು ಬಾಗಿಲನ್ನೇ ಪರೀಕ್ಷಿಸಿದಳು, ಹೊಸ ಗುರುತುಪತ್ರ ಮಾಡಿಸಿ ಹಾಕಿದಳು. ಏನೂ ಬದಲಾಗಲಿಲ್ಲ. ಸರ್ವರಿನಲ್ಲಿ ನೋಡಿದರೆ, ಟೆಂಪೋ ಹಿಂದಕ್ಕೆ ಹೋದ ಮೂರು ದಿನವೂ ಕುದೂರಿನ ಪ್ರೋಗ್ರಾಮು ಬಾಗಿಲಿಗೆ ಬಂದಿದೆ, ಗುರುತು ತೋರಿಸಿದೆ, ಒಳಗೆ ಬಂದಿದೆ. ಆಮೇಲೆ ಒಂದು ಮಾತೂ ಆಡಿಲ್ಲ. ನೆಂಟರ ಮನೆಗೆ ಬಂದು, ಕಾಲು ತೊಳೆದು, ಜಗಲಿಯ ಮೇಲೆ ಕೂತು, ಬಾಯಿ ಬಿಡದವನ ಹಾಗೆ.

ಇನ್ನೊಂದು ವಿಚಿತ್ರವಿತ್ತು. ಬುಧವಾರ ತಪ್ಪಿದ್ದು ಒಂದು ಹೊತ್ತಿನಲ್ಲಿ, ಗುರುವಾರ ತಪ್ಪಿದ್ದು ಇನ್ನೊಂದು ಹೊತ್ತಿನಲ್ಲಿ, ಶುಕ್ರವಾರದ್ದು ಮತ್ತೂ ಬೇರೆ. ಸೋಮವಾರ ಕಳಿಸಿದ್ದು ಒಮ್ಮೆಯೂ ತಪ್ಪಿಲ್ಲ. ಅವಳೇ ಫೋನ್ ಮಾಡಿ "ಈಗ ಕಳಿಸಿ" ಎಂದಾಗಲಂತೂ ಸಂದೇಶ ಬಾಣದ ಹಾಗೆ ಬರುತ್ತಿತ್ತು. ವಾರಕ್ಕೆ ತಕ್ಕಂತೆ ಹೊತ್ತು ಬದಲಾಯಿಸುವುದೆಂದರೆ ಕರೆಂಟು ತೆಗೆಯುವ ಪಾಳಿಯೇ ಇರಬೇಕೆಂದು ಅವಳು ಆ ಕಡೆಯ ಲೈನ್‌ಮ್ಯಾನಿಗೆ ಫೋನ್ ಮಾಡಿದಳು.

"ಮೇಡಮ್, ಕರೆಂಟು ಯಾವಾಗ ತೆಗೀತೀವಿ ಅಂತ ನಮ್ಗೇ ಗೊತ್ತಿರಲ್ಲ, ನಿಮ್ಗೆ ಹೆಂಗೆ ಹೇಳನ?" ಎಂದ ಅವನು.

ಶುಕ್ರವಾರ ಕುದೂರಿನಿಂದ ಮತ್ತೆ ಮಾಲು ಹೊರಡುವುದಿತ್ತು. ಅಲ್ಲಿಗೇ ಹೋಗಿ ನೋಡುತ್ತೇನೆ ಎಂದು ಅಸ್ರಾ ವೆಂಕಟಯ್ಯನವರನ್ನು ಕೇಳಿದಳು.

"ಹೋಗಮ್ಮ, ಹೋಗು. ಮಾಗಡಿ ಕಡೆ ಈಗ ಅವರೆಕಾಯಿ ಚೆನ್ನಾಗಿ ಬಂದಿದೆ, ತಗೊಂಡು ಬಾ. ಬೇರೇನೂ ಸಿಗಲ್ಲ ನಿಂಗೆ ಅಲ್ಲಿ."

ಎರಡು ಬಸ್ಸು ಬದಲಾಯಿಸಿ ಅವಳು ಕುದೂರು ತಲುಪಿದಾಗ ಬಿಸಿಲು ಏರುತ್ತಿತ್ತು. ಶೆಡ್ಡಿನ ಒಂದು ಮೂಲೆಗೆ ತಗಡು ಹೊಡೆದು ಆಫೀಸು ಮಾಡಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದವರು ಅನಂತರಾಜುವಿನ ಅಕ್ಕ ಚಿಕ್ಕಲಕ್ಷ್ಮಮ್ಮ. ಅರವತ್ತು ದಾಟಿದ ಗಟ್ಟಿ ಹೆಂಗಸು. ಊರಿನ ಮಹಿಳಾ ಹಾಲಿನ ಸೊಸೈಟಿಗೆ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವರು. ಹಾಲಿಗೆ ನೀರು ಬೆರೆಸಿದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದರೆಂದು ಪ್ರತೀತಿ.

"ನೀನೇನಾ ಫೋನಲ್ಲಿ ಮಾತಾಡೋ ಹುಡ್ಗಿ? ಗಂಟಲು ಕೇಳಿ ದಪ್ಪಗಿದ್ದೀಯ ಅಂದ್ಕಂಡಿದ್ದೆ. ಕುಂತ್ಕೊ ಮಗ. ನಮ್ಮ ತಮ್ಮ ಕಳ್ಳನೋ ಸಾಚಾನೋ ನೋಡಕ್ ಬಂದಿದ್ದೀಯ?"

"ಇಲ್ಲ ಅಜ್ಜಿ. ಸಂದೇಶ ಎಲ್ಲಿ ಹೋಗ್ತಿದೆ ಅಂತ ನೋಡೋಕೆ ಬಂದೆ. ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನು ಮಾತಾಡಲ್ಲ."

"ಮಾತಾಡ್ದೆ ಇರೋ ಹುಡ್ಗಿ ಥರ ಕಾಣಾಕಿಲ್ವಲ್ಲ ನೀನು" ಎಂದು ಚಿಕ್ಕಲಕ್ಷ್ಮಮ್ಮ ಕನ್ನಡಕ ಏರಿಸಿಕೊಂಡರು.

ತಂತಿಯ ಮೇಲೆ ಬಂದುಹೋಗುವ ಪ್ರತಿಯೊಂದು ತುಣುಕನ್ನೂ ತೋರಿಸುವ ಸಣ್ಣದೊಂದು ಪ್ರೋಗ್ರಾಮನ್ನು ಅಸ್ರಾ ಆ ಕಂಪ್ಯೂಟರಿಗೆ ಹಾಕಿ, ಕಬ್ಬಿಣದ ಸ್ಟೂಲಿನ ಮೇಲೆ ಕೂತಳು. ಹತ್ತೂವರೆಗೆ ಸ್ವಲ್ಪ ಮುಂಚೆ ಚಿಕ್ಕಲಕ್ಷ್ಮಮ್ಮ ಗಡಿಯಾರ ನೋಡಿ, ಅಸ್ರಾಳ ಪ್ರೋಗ್ರಾಮನ್ನು ತೆರೆದರು. ಗುರುತುಪತ್ರಗಳು ಅತ್ತಿತ್ತ ಓಡಾಡಿದವು, ಬೀಗ ಹಸಿರಾಯಿತು. ಎಲ್ಲ ಸರಿ. ಈಗ ಗುಂಡಿ ಒತ್ತುತ್ತಾರೆಂದು ಅಸ್ರಾ ಕಾದಳು.

ಅವರು ಒತ್ತಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ, ಮೊರ ಎಳೆದುಕೊಂಡು, ಅವರೆಕಾಯಿ ಸುಲಿಯಲು ಕೂತರು. ಹೊರಗೆ ಅನಂತರಾಜುವಿನ ಹುಡುಗರು ಟೆಂಪೋಗೆ ಪೆಟ್ಟಿಗೆ ಏರಿಸತೊಡಗಿದರು.

ಮಾತಾಡುವುದಿಲ್ಲವೆಂದು ಕೊಟ್ಟ ಮಾತು ಅಸ್ರಾಳಿಗೆ ಬಹಳ ಹೊತ್ತು ನಡೆಯಲಿಲ್ಲ.

"ಅಜ್ಜಿ, ಕಳಿಸಲ್ವಾ?"

"ಈಗ್ಲಾ? ರಾಹುಕಾಲ ಬಂತಲ್ಲವ್ವ. ಶುಕ್ರವಾರ ಹನ್ನೆರಡು ಗಂಟೆ ಗಂಟ ಐತೆ."

"ಮತ್ತೆ ಈಗ ತೆಗೆದಿದ್ದು ಯಾಕೆ? ಹನ್ನೆರಡಕ್ಕೇ ತೆಗೀಬಹುದಿತ್ತಲ್ಲ?"

ಚಿಕ್ಕಲಕ್ಷ್ಮಮ್ಮ ಇಷ್ಟು ಓದಿದ ಹುಡುಗಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡಿದರು.

"ಊರಿಗೆ ಹೊರಡೋ ಹೊತ್ತು ಸರಿಗಿಲ್ಲ ಅಂದ್ರೆ ಏನ್ ಮಾಡ್ತಾರೆ? ಒಳ್ಳೆ ಗಳಿಗೇಲಿ ಚೀಲನ ಪಕ್ಕದ ಮನೇಲಿ ಇಟ್ಟು ಬತ್ತಾರೆ. ಆಮ್ಯಾಕೆ ಯಾವಾಗ ಹೊರಟ್ರೂವೆ, ಚೀಲ ಇಟ್ಟಾಗ್ಲೇ ಹೊರಟಂಗೆ ಲೆಕ್ಕ. ಹುಡುಗ್ರು ನೋಡು, ರಾಹುಕಾಲದಾಗೇ ಲೋಡು ಮಾಡ್ತಾವೆ. ಬ್ಯಾಡ ಅಂದ್ರೆ ಹೊತ್ತಾಯ್ತದೆ. ಅದ್ಕೇ ಮುಂಚೇನೇ ಇಲ್ಲಿ ದಾರಿ ತೆಗೆದು ಇಟ್ಬುಡ್ತೀನಿ. ಮಾಲು ಹೊರಟಂಗಾಯ್ತು. ಹನ್ನೆರಡು ಹೊಡೆದ್ಮ್ಯಾಲೆ ಗುಂಡಿ ಒತ್ತಾದು."

ಅಸ್ರಾ ಗೋಡೆಯ ಕ್ಯಾಲೆಂಡರನ್ನು ನೋಡಿದಳು. ಬುಧವಾರ, ಗುರುವಾರ, ಶುಕ್ರವಾರದ ರಾಹುಕಾಲಗಳು ಅಲ್ಲಿ ಸಣ್ಣ ಅಕ್ಷರದಲ್ಲಿ ಇದ್ದವು. ಸೋಮವಾರದ್ದು ಬೆಳಗ್ಗೆ, ಶೆಡ್ಡು ಬಾಗಿಲು ತೆಗೆಯುವ ಮುಂಚೆಯೇ ಮುಗಿದುಹೋಗುತ್ತದೆ. ಇಂಥ ಕ್ಯಾಲೆಂಡರುಗಳನ್ನು ಅವಳು ಹುಟ್ಟಿದಾಗಿನಿಂದ ಅಂಗಡಿಗಳಲ್ಲಿ ನೋಡಿದ್ದಳು. ಅವಳ ಮನೆಯಲ್ಲಿ ಆಚರಿಸುವವರು ಇಲ್ಲದ್ದರಿಂದ ಆ ಸಾಲನ್ನು ಓದಿರಲಿಲ್ಲ.

ಹೊತ್ತುಗಳ ವಿಚಿತ್ರ ಬಗೆಹರಿಯಿತು. ಆದರೆ ರಾಹುಕಾಲ ಸಂದೇಶವನ್ನು ನುಂಗುವುದಿಲ್ಲ. ಚೀಲ ಪಕ್ಕದ ಮನೆಯಲ್ಲಿದ್ದ ಮಾತ್ರಕ್ಕೆ ಪ್ರಯಾಣಿಕ ಮಾಯವಾಗುವುದು ಹೇಗೆ? ಅಸ್ರಾ ತಾನೂ ಒಂದು ಹಿಡಿ ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದಳು. ಒಂದು ಕಣ್ಣು ಪರದೆಯ ಮೇಲೆ. ತಂತಿಯ ಮೇಲೆ ಏನೂ ಓಡಾಡುತ್ತಿರಲಿಲ್ಲ. ಬೀಗ ಮಾತ್ರ ಹಸಿರಾಗಿಯೇ ಇತ್ತು.

"ಒತ್ತಿ ಒತ್ತಿ ಸುಲೀಬ್ಯಾಡ, ಕಾಳು ಜಜ್ಜೋಗ್ತದೆ" ಎಂದರು ಚಿಕ್ಕಲಕ್ಷ್ಮಮ್ಮ. "ಕಂಪ್ಯೂಟರ್ ಗುಂಡಿ ಅಲ್ಲ ಅದು."

ಹನ್ನೆರಡು ಹೊಡೆಯಿತು. ಅವರು ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತಿದರು. 'ಕಳಿಸಲಾಗಿದೆ' ಎಂದು ತಕ್ಷಣ ಬಂತು. "ಹೊರಡ್ರಲಾ!" ಎಂದು ಅನಂತರಾಜು ಹೊರಗಿನಿಂದ ಕೂಗಿದ. ಟೆಂಪೋ ಗುಡುಗುಡು ಎಂದು ರಸ್ತೆಗೆ ಇಳಿಯಿತು. ಚಿಕ್ಕಲಕ್ಷ್ಮಮ್ಮ ಕಂಪ್ಯೂಟರ್ ಆರಿಸಲು ಕೈ ಚಾಚಿದರು.

"ಮುಟ್ಟಬೇಡಿ!" ಎಂದು ಅಸ್ರಾ ಅವರ ಕೈ ಹಿಡಿದುಕೊಂಡಳು.

ಪರದೆಯ ಮೇಲೆ ಅದೇ ತುಣುಕು ಮತ್ತೆ ಹೋಗುತ್ತಿತ್ತು. ಸ್ವಲ್ಪ ತಡೆದು ಮತ್ತೆ. ಇನ್ನೂ ಸ್ವಲ್ಪ ತಡೆದು ಮತ್ತೆ. ಆ ಕಡೆಯಿಂದ ಓಗೊಡುವವರಿಲ್ಲ. ಹೊಲದ ಈ ಬದುವಿನಿಂದ ಒಬ್ಬ ಕೂಗುತ್ತಲೇ ಇದ್ದಾನೆ, ಆ ಬದುವಿನವನು ಯಾವಾಗಲೋ ಮನೆಗೆ ಹೋಗಿಯಾಗಿದೆ.

ಅವಳು ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಮುಕ್ತಿಯಾರನಿಗೆ ಮೊಬೈಲಿನಲ್ಲಿ ಫೋನ್ ಮಾಡಿದಳು. ಹೊರಗಿನಿಂದ ಬರುವ ಸಂಪರ್ಕಗಳನ್ನು ಕಾಯುವ ಫೈರ್‌ವಾಲ್ ಅವನ ಕೈಕೆಳಗಿತ್ತು. "ನಿಮ್ಮ ಫೈರ್‌ವಾಲ್, ಸುಮ್ಮನೆ ಕೂತ ಸಂಪರ್ಕನ ಏನು ಮಾಡ್ತದೆ?"

"ಅರ್ಧ ಗಂಟೆ ನೋಡ್ತದೆ. ಆಮೇಲೆ ಹೆಸರು ಅಳಿಸಿ ಹಾಕ್ತದೆ."

"ಯಾರಿಗಾದ್ರೂ ಹೇಳ್ತದಾ?"

"ಯಾರಿಗೆ ಹೇಳ್ಬೇಕು? ವಾಚ್‌ಮನ್ ಕೆಲಸ ಅದು, ಅಂಚೆಯವನ ಕೆಲಸ ಅಲ್ಲ."

ಬೆಂಕಿಪೊಟ್ಟಣದ ದಾರವನ್ನು ನಡುವಿನವನೊಬ್ಬ ಸದ್ದಿಲ್ಲದೆ ಕತ್ತರಿಸಿ ಹೋಗಿದ್ದ. ಈ ತುದಿಯವರೂ ಆ ತುದಿಯವರೂ ಪೊಟ್ಟಣವನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದರು. ಆದರೆ ಅಸ್ರಾಳ ಮುಖ ಬಿಸಿಯಾದದ್ದು ಅದಕ್ಕಲ್ಲ. 'ಕಳಿಸಲಾಗಿದೆ' ಎಂಬ ಮಾತನ್ನು ಬರೆದವಳು ಅವಳು. ಸಂದೇಶ ಶೆಡ್ಡಿನ ಕಂಪ್ಯೂಟರಿನ ಹೊಸ್ತಿಲಿಗೆ ಬಂದೊಡನೆ ಅವಳ ಪ್ರೋಗ್ರಾಮು ಕಳಿಸಲಾಗಿದೆ ಎಂದು ಸಾರಿಬಿಡುತ್ತಿತ್ತು. ಆ ಕಡೆಗೆ ಮುಟ್ಟಿತೋ ಇಲ್ಲವೋ ಎಂದು ಕೇಳುತ್ತಲೇ ಇರಲಿಲ್ಲ. ಎಳೆ ತುಂಡಾಗಿತ್ತು, ಅವಳು ಮಾಡಿಟ್ಟ ರಾಟೆ ತಿರುಗುತ್ತಿತ್ತು.

"ಏನಾಯ್ತವ್ವ?"

"ಹೋಗಿಲ್ಲ ಅಜ್ಜಿ. ಟೆಂಪೋ ಹೋಯ್ತು, ಸಂದೇಶ ಹೋಗಿಲ್ಲ. ಪ್ರೋಗ್ರಾಮು ಮುಚ್ಚಿ ಮತ್ತೆ ತೆಗೀರಿ, ತೆಗೆದ ತಕ್ಷಣ ಕಳಿಸಿ."

ಈ ಸಲ ತುಣುಕು ಹೋದ ಹಾಗೇ ಉತ್ತರದ ತುಣುಕು ಬಂತು. ಸಂದೇಶ ಬಂದಿದೆ ಎಂದು ಸ್ಟೋರ್ಸಿನವರು ಫೋನಿನಲ್ಲಿ ಹೇಳಿದರು. ಅನಂತರಾಜು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

"ಅಂದ್ರೆ ತಪ್ಪು ನಮ್ಮಕ್ಕಂದಾ? ರಾಹುಕಾಲದ್ದಾ? ಯಾರದು ಹೇಳಿ ಮೇಡಮ್ನೋರೇ."

"ನಾಳೆ ಹೇಳ್ತೀನಿ" ಎಂದಳು ಅಸ್ರಾ. ಒಂದೇ ಸಲ ನೋಡಿದ್ದನ್ನು ಕಾರಣವೆಂದು ಒಪ್ಪುವ ಸ್ವಭಾವ ಅವಳದಲ್ಲ.

ಚಿಕ್ಕಲಕ್ಷ್ಮಮ್ಮ ಬಸ್ಸಿನ ತನಕ ಬಂದು ಅವರೆಕಾಯಿಯ ಚೀಲವನ್ನು ಅವಳ ಕೈಗೆ ತುರುಕಿದರು.

ಮರುದಿನ ಬೆಳಗ್ಗೆ ಎಂಟು ಗಂಟೆಗೇ, ಮೀಟಿಂಗಿಗೆ ಮುಂಚೆ, ಆ ಚೀಲ ವೆಂಕಟಯ್ಯನವರ ಮೇಜಿನ ಮೇಲಿತ್ತು. ಅಸ್ರಾ ನಡೆದದ್ದನ್ನು ಹೇಳಿದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ರಾಹುಕಾಲ! ಇದನ್ನ ಮೀಟಿಂಗಲ್ಲಿ ಹೇಳ್ಬೇಕಾ ನಾನು? ಸುಮ್ನೆ ಆ ಮುದುಕಿಗೆ ಹೇಳಮ್ಮ, ಇದೆಲ್ಲ ಬಿಟ್ಟುಬಿಡು ಅಂತ. ನಿನ್ನ ಪ್ರೋಗ್ರಾಮು ಸರಿಯಾಗೇ ಇದೆ. ನೀನ್ಯಾಕೆ ತಲೆ ಕೊಡ್ತೀಯ?"

ಸುಲಭದ ದಾರಿ ಅದು. ರಾಹುಕಾಲವನ್ನು ನಂಬುವುದು ಬಿಡುವುದು ಅವರವರ ಪಾಡು. ಆದರೆ ಅದರ ಮೇಲೆ ಹೊರಿಸಿಬಿಟ್ಟರೆ ಪ್ರೋಗ್ರಾಮಿನ ಸುಳ್ಳು ಪ್ರೋಗ್ರಾಮಿನೊಳಗೇ ಉಳಿಯುತ್ತದೆ, ಅನಂತರಾಜುವಿನ ಮೇಲಿನ ಮಾತೂ ಅರ್ಧ ಉಳಿಯುತ್ತದೆ.

"ಸರ್, ತಿಂಡಿ ಆಯ್ತಾ?" ಎಂದು ಕೇಳಿದಳು ಅಸ್ರಾ.

ಕಾರ್ಖಾನೆಯ ಗೇಟಿನೆದುರು ಒಂದು ಸೈಬರ್ ಸೆಂಟರ್, ಅದರ ಪಕ್ಕದಲ್ಲೇ ತಟ್ಟೆ ಇಡ್ಲಿ ಹೋಟೆಲು. ಫೈರ್‌ವಾಲಿನ ಹೊರಗಿನಿಂದಲೇ ನೋಡಬೇಕೆಂದು ಅವಳು ಅವರನ್ನು ಅಲ್ಲಿಗೆ ಕರೆದೊಯ್ದು, ಪ್ರೋಗ್ರಾಮನ್ನು ಪರೀಕ್ಷೆಯ ಹೆಸರಿನಲ್ಲಿ ತೆರೆದು, ಬೀಗ ಹಸಿರಾದದ್ದನ್ನು ತೋರಿಸಿದಳು. ಆಮೇಲೆ ಇಬ್ಬರೂ ಇಡ್ಲಿಗೆ ಹೋದರು. ವೆಂಕಟಯ್ಯನವರು ಇಡ್ಲಿ ತಿನ್ನುವಾಗ ಮಗಳ ಮದುವೆಯ ಛತ್ರದಿಂದ ಹಿಡಿದು ಸಂಕ್ರಾಂತಿಯ ಎಳ್ಳಿನ ಬೆಲೆಯವರೆಗೆ ಮಾತಾಡುವವರು. ಅವಳು ತಡೆಯಲಿಲ್ಲ. ಎರಡನೆಯ ಕಾಫಿಯನ್ನೂ ಹೇಳಿದಳು. ಅರ್ಧ ಗಂಟೆ ಯಾವಾಗಲೋ ಕಳೆದಿತ್ತು.

ವಾಪಸು ಬಂದಾಗಲೂ ಬೀಗ ಹಸಿರಾಗಿತ್ತು.

"ಈಗ ನೀವೇ ಒತ್ತಿ ಸರ್."

ಅವರು ಒತ್ತಿದರು. "ಹ್ಞಾ, ಕಳಿಸಲಾಗಿದೆ. ನೋಡಿದ್ಯಾ? ರಾಹುಕಾಲ ಇಲ್ಲ, ಏನೂ ಇಲ್ಲ, ಹೋಯ್ತು."

"ಸ್ಟೋರ್ಸಿಗೆ ಫೋನ್ ಮಾಡಿ ಕೇಳಿ."

ಅವರು ಕೇಳಿದರು. ಮತ್ತೊಮ್ಮೆ ಕೇಳಿದರು. "ಸರಿಯಾಗಿ ನೋಡ್ರೀ, ನಾನೇ ಒತ್ತಿದ್ದೀನಿ!" ಎಂದು ದನಿ ಏರಿಸಿದರು. ಆ ಕಡೆಯವನು ಬಂದಿಲ್ಲ ಎಂದೇ ಹೇಳಿದ.

ಫೋನನ್ನು ಜೇಬಿಗೆ ಇಳಿಸಿ ಅವರು ಪರದೆಯ ಮೇಲಿನ 'ಕಳಿಸಲಾಗಿದೆ' ಎಂಬ ಮಾತಿನ ಮೇಲೆ ಬೆರಳಿಟ್ಟರು.

"ಹಂಗಾದ್ರೆ ಈಗ ನಾನೂ ಸುಳ್ಳು ಹೇಳ್ದಂಗಾಯ್ತು."

"ನೀವಲ್ಲ ಸರ್, ಅನಂತರಾಜೂ ಅಲ್ಲ. ನನ್ನ ಪ್ರೋಗ್ರಾಮು. ಇಡ್ಲಿ ತಿನ್ನೋಕೆ ಹೋದವರಿಗೂ ಅದು ಸುಳ್ಳೇ ಹೇಳ್ತದೆ. ಹಾಗಂತಲೇ ಬರೆದು ಕೊಡ್ತೀನಿ."

"ಕಂಪ್ಯೂಟರಿಗೆ ಸುಳ್ಳು ಹೇಳೋಕೆ ಬರಲ್ಲ ಅಂದಿದ್ನಲ್ಲ ನಾನು."

"ಕಲಿಸಿದವಳು ನಾನೇ ಸರ್."

ಮೀಟಿಂಗಿನಲ್ಲಿ ವೆಂಕಟಯ್ಯನವರು ಅನಂತರಾಜುವಿನ ಹೆಸರನ್ನು ಹೊಡೆದು ಹಾಕಲಿಲ್ಲ. ಅಸ್ರಾಳಿಗೆ ಮೇಲಿನವರಿಂದ ಒಂದು ಮಾತು ಬಂತು. ಬರಬೇಕಾದದ್ದೇ ಎಂದು ಅವಳು ಕೇಳಿಸಿಕೊಂಡು, ಸೀಟಿಗೆ ಹೋಗಿ ಕೂತು ಪ್ರೋಗ್ರಾಮು ತಿದ್ದಿದಳು.

ತಿದ್ದಿದ್ದು ಎರಡು ಕಡೆ. ಕಥೆ ಹೇಳುವಾಗ ಕೇಳುವವರು ನಡುನಡುವೆ ಹ್ಞೂಂಗುಟ್ಟಬೇಕು, ಇಲ್ಲದಿದ್ದರೆ ನಿದ್ದೆ ಹೋಗಿದ್ದಾರೆಂದು ಅರ್ಥ. ಹಾಗೆಯೇ ಈಗ ಮಾತಿಲ್ಲದ ಹೊತ್ತಿನಲ್ಲೂ ಎರಡೂ ತುದಿಯವರು ಆಗಾಗ ಹ್ಞೂಂ ಎನ್ನುತ್ತಾರೆ. ದಾರಿ ಜೀವಂತವಿದೆ ಎಂದು ನಡುವಿನ ಕಾವಲುಗಾರನಿಗೂ ಗೊತ್ತಾಗುತ್ತದೆ. ಹ್ಞೂಂ ನಿಂತರೆ ಬೀಗ ಕೆಂಪಾಗುತ್ತದೆ. ಎರಡನೆಯದು, 'ಕಳಿಸಲಾಗಿದೆ' ಎಂಬ ಮಾತನ್ನು ಕಿತ್ತುಹಾಕಿದಳು. ಕಾರ್ಖಾನೆಯ ಕಡೆಯಿಂದ ಉತ್ತರ ಬಂದ ಮೇಲೆ ಮಾತ್ರ 'ತಲುಪಿದೆ' ಎಂದು ಬರುವಂತೆ ಮಾಡಿದಳು.

ಮುಂದಿನ ಗುರುವಾರ ಮಧ್ಯಾಹ್ನ ಚಿಕ್ಕಲಕ್ಷ್ಮಮ್ಮನ ಫೋನ್ ಬಂತು. ರಾಹುಕಾಲಕ್ಕೆ ಮುಂಚೆ ಅವರು ದಾರಿ ತೆರೆದಿಟ್ಟದ್ದನ್ನು ಅಸ್ರಾ ಆಗಲೇ ಸರ್ವರಿನಲ್ಲಿ ನೋಡಿದ್ದಳು. ಕುದೂರಿನ ಹ್ಞೂಂ ಒಂದಾದ ಮೇಲೊಂದು ಬರುತ್ತಿತ್ತು.

"ತಲುಪಿದೆ ಅಂತ ಬಂತು ಕಣವ್ವ. ಆದ್ರೆ ಮೊದ್ಲಂಗಲ್ಲ, ಒಸಿ ತಡ ಮಾಡ್ತದೆ."

"ಇಲ್ಲಿಂದ ಉತ್ತರ ಬರಬೇಕಲ್ಲ ಅಜ್ಜಿ, ಅದಕ್ಕೇ."

"ಹಂಗಾದ್ರೆ ಆವಾಗ ಕಣ್ಣು ಮುಚ್ಚಿ ತೆಗೆಯಾದ್ರೊಳಗೆ ಕಳಿಸ್ದೆ ಅಂತಿತ್ತಲ್ಲ, ನಿಂಗೆ ಅನುಮಾನ ಬರ್ಲಿಲ್ವಾ?"

"ಬಂತು ಅಜ್ಜಿ. ನಿಮ್ಮ ಗುರುತುಪತ್ರದ ಮೇಲೆ ಬಂತು, ಕರೆಂಟಿನ ಮೇಲೆ ಬಂತು. ನನ್ನ ಮೇಲೆ ಬರೋಕೆ ತಡವಾಯ್ತು."

ಚಿಕ್ಕಲಕ್ಷ್ಮಮ್ಮ ಹ್ಞೂಂ ಎಂದರು. ಲೇತಿನ ಸದ್ದಿನ ನಡುವೆ ಅವರು ಇನ್ನೇನೋ ಹೇಳಿ ಫೋನ್ ಇಟ್ಟರು. ಅದು ಏನೆಂದು ತಿಳಿಯದೆ ಅಸ್ರಾಳಿಗೆ ಸಮಾಧಾನವಾಗಲಿಲ್ಲ. ತಿರುಗಿ ಫೋನ್ ಮಾಡಿ ಕೇಳಿದಳು.

"ಏನಿಲ್ಲ" ಎಂದರು ಅವರು. "ಕಾಳು ಜಜ್ಜದಂಗೆ ಸುಲಿಯಾದ ಕಲ್ತ್ಯಾ ಅಂದೆ."